ತಿರುವಿನ ಬೋರ್ಡು ಇಳಿಸುವ ಮೊದಲು

ನಮ್ಮ ಬೀದಿಯ ಕಷ್ಟವೆಲ್ಲ ಮೊದಲು ಬರುವುದು ನನ್ನ ಅಂಗಡಿಗೆ. ಬಂದು, ಎರಡು ಪ್ರತಿ ಮಾಡಿಸಿಕೊಂಡು ಹೋಗುತ್ತದೆ. ನನ್ನದು ಜೆರಾಕ್ಸ್ ಅಂಗಡಿ. ಆಸ್ಪತ್ರೆ ಚೀಟಿ, ಮನೆ ಪತ್ರ, ಶಾಲೆಯ ಅರ್ಜಿ, ಅಣ್ಣತಮ್ಮಂದಿರ ಜಗಳದ ಕಾಗದ, ಎಲ್ಲವೂ ಆ ಗಾಜಿನ ಮೇಲೆ ಬೋರಲು ಮಲಗಿ ಎದ್ದಿವೆ. ಬೇರೆಯವರ ಕಾಗದ ಓದಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಳು. ನಾನು ಓದುತ್ತೇನೆ. ಓದುವ ಚಟ ಇಲ್ಲದಿದ್ದರೆ ಏಣಿ ಮಾವನ ಸಂಸಾರ ಇವತ್ತು ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ.

ಏಣಿ ಮಾವ ಬೋರ್ಡು ಬರೆಯುವವರು. ನಲವತ್ತು ವರ್ಷ ಹೆಗಲ ಮೇಲೆ ಏಣಿ ಹೊತ್ತು ಓಡಾಡಿದ್ದಕ್ಕೆ ಬೀದಿಯವರೆಲ್ಲ ಇಟ್ಟ ಹೆಸರು ಅದು. ಸೇತುವೆ ಕಡೆಯ ರಸ್ತೆ ಮಾರುಕಟ್ಟೆಗೆ ತಿರುಗುವ ಜಾಗದಲ್ಲಿ ಅವರದೊಂದು ಸಣ್ಣ ಮನೆ, ಮನೆ ಮುಂದೆ ಒಂದು ತುಂಡು ಜಾಗ. ಇಪ್ಪತ್ತೆರಡು ವರ್ಷದ ಹಿಂದೆ ಅಲ್ಲಿ ನಾಲ್ಕು ಕಬ್ಬಿಣದ ಕಂಬ ನೆಟ್ಟು, ತಗಡು ಹೊಡೆದು, ಮೂರಾಳು ಎತ್ತರದ ಜಾಹೀರಾತು ಬೋರ್ಡು ನಿಲ್ಲಿಸಿದರು. ಅಂಗಡಿಯವರು, ಕಂಪನಿಯವರು ತಿಂಗಳ ಬಾಡಿಗೆ ಕೊಟ್ಟು ಅದರ ಮೇಲೆ ಬರೆಸುತ್ತಾರೆ. ಮಾವನಿಗೆ ಮಕ್ಕಳಿಲ್ಲ. "ಆ ಬೋರ್ಡೇ ನಮ್ಮ ಮಗ ಕಣಮ್ಮ. ತಿಂಗಳಾದ್ರೆ ತಪ್ಪದೆ ತಂದುಕೊಡ್ತಾನೆ, ಎದುರುತ್ತರ ಕೊಡಲ್ಲ" ಅಂತ ಅತ್ತೆ, ಅಂದರೆ ಮಾವನ ಹೆಂಡತಿ, ನಗುತ್ತಾ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಮಾವ ನನ್ನ ಅಂಗಡಿಗೆ ಬಂದರು. ಏಣಿ ಇರಲಿಲ್ಲ, ಮುಖದಲ್ಲಿ ಕಳೆ ಇರಲಿಲ್ಲ.

"ನಿನ್ ಹತ್ರ ಉದ್ದನೆ ಹಗ್ಗ ಇದೆಯೇನಮ್ಮ?"

"ಇದೆ ಮಾವ. ಯಾತಕ್ಕೆ?"

"ಬೋರ್ಡು ಇಳಿಸ್ಬೇಕು. ನಾಳೆ."

ನಾನು ತಮಾಷೆ ಅಂದುಕೊಂಡೆ. ಅವರು ಅಂಗಿ ಜೇಬಿನಿಂದ ಎಂಟು ಮಡಿಕೆಯ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಅದರ ಒಂದು ಮೂಲೆಯಲ್ಲಿ ಹಸಿರು ಬಣ್ಣದ ಹೆಬ್ಬೆಟ್ಟಿನ ಗುರುತಿತ್ತು. ರಸ್ತೆ ಕಚೇರಿಯ ನೋಟೀಸು. ಮೇಲೆ ದಪ್ಪ ಅಕ್ಷರದಲ್ಲಿ 'ಮೂವತ್ತು ದಿನದೊಳಗೆ ಜಾಹೀರಾತು ಫಲಕ ತೆರವುಗೊಳಿಸುವುದು' ಅಂತ ಇತ್ತು. ತಿರುವಿನಲ್ಲಿ ಎದುರಿನ ವಾಹನ ಕಾಣುವುದಿಲ್ಲ, ಅದಕ್ಕೆ ತೆಗೆಸುತ್ತಿದ್ದಾರೆ.

ಓದುವ ಚಟ ನೋಡಿ, ನಾನು ಕಾಗದ ತಿರುಗಿಸಿದೆ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರ ತುಂಬಿತ್ತು.

"ಮಾವ, ಹಿಂದುಗಡೆ ಇರೋದನ್ನ ಓದಿದ್ರಾ?"

"ಅದನ್ನ ಯಾರು ಓದ್ತಾರೆ? ನಮ್ಮ ಕಸುಬಲ್ಲಿ ಹೇಳ್ಬೇಕಾದ್ದನ್ನ ದೊಡ್ಡದಾಗಿ ಬರೀತೀವಿ. ಜನ ಓದೋದು ಬೇಡ ಅನ್ನೋದನ್ನ ಕೆಳಗೆ ಸಣ್ಣದಾಗಿ ಬರೀತೀವಿ. 'ಷರತ್ತುಗಳು ಅನ್ವಯಿಸುತ್ತವೆ' ಅಂತ ಈ ಕೈಯಲ್ಲಿ ನೂರಾರು ಸಲ ಬರೆದಿದೀನಿ. ಒಬ್ಬನೂ ಓದಿಲ್ಲ."

ಕಚೇರಿಯವರ ಪದ್ಧತಿ ಇದಕ್ಕೆ ಪೂರಾ ಉಲ್ಟಾ, ಅದು ಮಾವನಿಗೆ ಗೊತ್ತಿರಲಿಲ್ಲ. ಹೆದರಿಸುವುದನ್ನು ದೊಡ್ಡದಾಗಿ ಬರೆಯುತ್ತಾರೆ, ಕೊಡುವುದನ್ನು ಸಣ್ಣದಾಗಿ ಬರೆಯುತ್ತಾರೆ. ನಾನು ಕಾಗದವನ್ನು ಯಂತ್ರದ ಮೇಲಿಟ್ಟು ಎರಡರಷ್ಟು ದೊಡ್ಡದು ಮಾಡಿ ಅವರ ಕೈಗೆ ಕೊಟ್ಟೆ. ಅವರು ತಡವರಿಸುತ್ತಾ ಓದಿದರು. ಪರವಾನಗಿ ಪಡೆದು ಬೋರ್ಡು ನಿಲ್ಲಿಸಿದವರು ಅದೇ ಮೂವತ್ತು ದಿನದಲ್ಲಿ ಪರಿಹಾರಕ್ಕೆ ಅರ್ಜಿ ಕೊಡಬಹುದು. ಅಧಿಕಾರಿ ಬಂದು ಜಾಗ ನೋಡಿ ಅಳತೆ ಮಾಡುವ ತನಕ ಬೋರ್ಡು ಇದ್ದಲ್ಲೇ ಇರಬೇಕು.

ನೋಟೀಸು ಬಂದು ಇಪ್ಪತ್ತೊಂದು ದಿನ ಆಗಿತ್ತು. ಉಳಿದದ್ದು ಒಂಬತ್ತೇ ದಿನ.

"ಇಷ್ಟು ದಿನ ಇದನ್ನ ಜೇಬಲ್ಲಿ ಇಟ್ಕೊಂಡು ಓಡಾಡ್ತಿದ್ರಾ?" ಅಂತ ನಾನು ಗದರಿದೆ. ದೊಡ್ಡವರನ್ನು ಗದರಬಾರದು, ಆದರೆ ಸಿಟ್ಟು ಬಂದಿತ್ತು.

"ಪರಿಹಾರ ಅಂತೆ! ಸರ್ಕಾರ ಸುಮ್ನೆ ಕೊಡುತ್ತಾ? ಹತ್ತು ಸಲ ಅಲೆಸಿ ಚಪ್ಪಲಿ ಸವೆಸ್ತಾರೆ. ನಾನು ನಿಲ್ಲಿಸಿದ್ದು, ನಾನೇ ಮರ್ಯಾದೆಯಾಗಿ ಇಳಿಸ್ತೀನಿ. ನಮ್ಮ ಕಸುಬಲ್ಲಿ ಇನ್ನೊಬ್ಬರ ಕೈಲಿ ಬೋರ್ಡು ಕೀಳಿಸ್ಕೊಳ್ಳೋದು ಅಂದ್ರೆ ಕೆನ್ನೆಗೆ ಹೊಡೆಸ್ಕೊಂಡ ಹಾಗೆ. ಹಗ್ಗ ಕೊಡು."

"ಕೊಡಲ್ಲ" ಅಂದೆ.

ಅಂಗಡಿ ಬಾಗಿಲು ಎಳೆದು ಅವರ ಜೊತೆಯಲ್ಲೇ ಅವರ ಮನೆಗೆ ಹೋದೆ. ಮಾವನ ಮನೆಯ ಮುಂದಿನ ಕೋಣೆ ಅಂದರೆ ಅರ್ಧ ಮನೆ, ಅರ್ಧ ಕಾರ್ಖಾನೆ. ಗೋಡೆಯ ಮೊಳೆಗಳಲ್ಲಿ ಕುಂಚಗಳು ತಲೆಕೆಳಗಾಗಿ ನೇತಾಡುತ್ತವೆ. ಕಿಟಕಿ ಕೆಳಗೆ ಬಣ್ಣದ ಡಬ್ಬಗಳು, ಡಬ್ಬಗಳ ಮೇಲೆ ಅತ್ತೆಯ ಒಗೆದ ಬಟ್ಟೆ. ಟರ್ಪೆಂಟೈನ್ ವಾಸನೆ ಎಷ್ಟು ಅಂದರೆ ಆ ಮನೆಯ ಹತ್ತಿರ ನೆಗಡಿ ಸುಳಿಯುವುದಿಲ್ಲ.

ಅತ್ತೆ ತರಕಾರಿ ಹೆಚ್ಚುತ್ತಿದ್ದರು. ನಾನು ನೋಟೀಸಿನ ವಿಷಯ ಎತ್ತಿದೆ. ಅವರ ಚಾಕು ನಿಂತಿತು. ಮಾವ ಹೆಂಡತಿಗೆ ಹೇಳಿಯೇ ಇರಲಿಲ್ಲ.

"ಏನೂಂದ್ರೆ, ಮಗ ಮಗ ಅಂತ ನಾನು ಊರೆಲ್ಲ ಹೇಳ್ಕೊಂಡು ತಿರುಗ್ತಿದೀನಿ. ಅದನ್ನ ನಾಳೆ ಉರುಳಿಸ್ತೀನಿ ಅಂತ ನನಗೊಂದು ಮಾತು ಹೇಳ್ಬಾರ್ದಾ?"

"ಹೇಳಿದ್ರೆ ನೀನು ನಿದ್ದೆ ಬಿಡ್ತಿದ್ದೆ."

"ಈಗ ಊಟ ಬಿಡ್ತೀನಿ! ನಿಮಗೆ ಅರವತ್ತಮೂರು. ಇನ್ನೆಷ್ಟು ದಿನ ಏಣಿ ಹತ್ತೋಕಾಗುತ್ತೆ? ಆ ಬಾಡಿಗೆ ನಿಂತ್ರೆ ಒಲೆ ಮೇಲೆ ಏನಿಡಲಿ? ನಿಮ್ಮ ಕುಂಚ ಬೇಯಿಸ್ಲಾ?"

"ಕಬ್ಬಿಣ ಗುಜರಿಗೆ ಹಾಕಿದ್ರೆ ನಾಲ್ಕು ತಿಂಗಳು ನಡೆಯುತ್ತೆ."

"ಐದನೇ ತಿಂಗಳು?"

ಮಾವ ಮೊಳೆಯಿಂದ ಒಂದು ಕುಂಚ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಇಪ್ಪತ್ತೆರಡು ವರ್ಷದ ಅನ್ನವನ್ನು ಈ ಮನುಷ್ಯ ತನ್ನ ಕೈಯಾರೆ ಒಂದೇ ದಿನದಲ್ಲಿ ಬಿಚ್ಚಿ ಗುಜರಿಗೆ ಹಾಕಲು ಹೊರಟಿದ್ದರು.

ಮಾರನೇ ದಿನ ಮೂವರೂ ಉಚಿತ ಕಾನೂನು ನೆರವಿನ ಕೋಣೆಗೆ ಹೋದೆವು. ಕೋರ್ಟಿನ ಪಕ್ಕದಲ್ಲಿದೆ, ವಾರಕ್ಕೆ ಎರಡು ದಿನ ತೆಗೆದಿರುತ್ತದೆ, ದುಡ್ಡು ಕೇಳುವುದಿಲ್ಲ. ಅಲ್ಲಿ ಕೂರುವ ವಕೀಲ ಮೇಡಂ ನನ್ನ ಅಂಗಡಿಯ ಗಿರಾಕಿ. ಫ್ಯಾನಿನ ಗಾಳಿಗೆ ಹಾರದ ಹಾಗೆ ಪ್ರತಿ ಕಾಗದದ ಕಟ್ಟಿನ ಮೇಲೂ ಒಂದೊಂದು ಹಳೆ ಬೀಗ ಇಟ್ಟಿರುತ್ತಾರೆ. ಎಲ್ಲ ಕೀಲಿ ಕಳೆದ ಬೀಗಗಳು.

ಮೇಡಂ ನೋಟೀಸು ನೋಡಿ ಮೊದಲು ಕೇಳಿದ್ದು ಒಂದೇ ಮಾತು.

"ಬೋರ್ಡು ನಿಂತಿದೆಯಾ, ಇಳಿಸಿದ್ರಾ?"

"ನಿಂತಿದೆ" ಅಂದರು ಅತ್ತೆ.

"ಹಾಗಾದ್ರೆ ಕೂತ್ಕೊಳ್ಳಿ. ಸೇತುವೆ ಆಚೆ ಇನ್ನೊಬ್ಬರದು ಇತ್ತಲ್ಲ, ಅವರು ನೋಟೀಸು ಬಂದ ಮೂರನೇ ದಿನಕ್ಕೇ ಬಿಚ್ಚಿ ಮಾರಿಬಿಟ್ರು. ಆಮೇಲೆ ನನ್ನ ಹತ್ರ ಬಂದ್ರು. ಅಳತೆ ಮಾಡೋಕೆ ಅಲ್ಲಿ ಏನೂ ಇಲ್ಲ, ಒಂದು ಫೋಟೋನೂ ಇಲ್ಲ. ನಾನು ಏನಂತ ಬರೀಲಿ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅನ್ನೋ ಹಾಗಾಯ್ತು ಪಾಪ."

ಮಾವ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಮೇಡಂ, ಒಂದು ಮಾತು ಕೇಳ್ತೀನಿ, ಸಿಟ್ಟಾಗ್ಬೇಡಿ. ಆ ತಿರುವಲ್ಲಿ ಗಾಡಿಗೆ ಗಾಡಿ ಗುದ್ದಿದೆ. ಏಣಿ ಮೇಲಿಂದ ನಾನೇ ಕಣ್ಣಾರೆ ನೋಡಿದೀನಿ. ಅಂಥ ಬೋರ್ಡಿಗೆ ದುಡ್ಡು ಕೇಳೋದು ಪಾಪ ಅಲ್ವಾ?"

ಆಗ ನನಗೆ ಗೊತ್ತಾಯಿತು, ಇವರನ್ನು ತಡೆದದ್ದು ಬರೀ ಸಣ್ಣ ಅಕ್ಷರ ಅಲ್ಲ. ಇಪ್ಪತ್ತೊಂದು ದಿನ ಆ ಕಾಗದದ ಜೊತೆ ಈ ಅಳುಕನ್ನೂ ಜೇಬಿನಲ್ಲಿಟ್ಟುಕೊಂಡು ಒಬ್ಬರೇ ಓಡಾಡಿದ್ದರು.

ಮೇಡಂ ಸಿಟ್ಟಾಗಲಿಲ್ಲ. ಕುರ್ಚಿ ಮುಂದಕ್ಕೆಳೆದುಕೊಂಡರು.

"ಬೋರ್ಡು ತೆಗೀಬೇಡಿ ಅಂತ ನೀವು ಹಟ ಮಾಡ್ತಿದ್ರೆ ಅದು ಬೇರೆ ಮಾತು. ನೀವು ತೆಗೀರಿ ಅಂತೀರಲ್ಲ. ನೀವು ಕದ್ದು ನಿಲ್ಲಿಸಿದ್ರಾ?"

"ಇಲ್ಲ. ಪರವಾನಗಿ ತಗೊಂಡು, ವರ್ಷ ವರ್ಷ ಶುಲ್ಕ ಕಟ್ಟಿದೀನಿ. ಆಗ ಅಲ್ಲಿ ಇಷ್ಟು ಗಾಡಿ ಇರ್ಲಿಲ್ಲ, ಎತ್ತಿನ ಗಾಡಿ, ಸೈಕಲ್ಲು, ಅಷ್ಟೇ."

"ಹಾಗಿದ್ಮೇಲೆ ತಪ್ಪು ನಿಮ್ಮದಲ್ಲ. ಊರು ಬೆಳೀತು, ರಸ್ತೆಗೆ ಜಾಗ ಬೇಕಾಯ್ತು. ರಸ್ತೆ ಚೆನ್ನಾದ್ರೆ ಎಲ್ಲರಿಗೂ ಒಳ್ಳೇದು. ಒಳ್ಳೇದು ಎಲ್ಲರಿಗೂ, ನಷ್ಟ ಮಾತ್ರ ನಿಮ್ಮೊಬ್ಬರಿಗೇ ಅಂದ್ರೆ ಯಾವ ನ್ಯಾಯ? ಎಲ್ಲರೂ ಒಂದೊಂದು ಚೂರು ಹೊತ್ಕೊಂಡ್ರೆ ಯಾರಿಗೂ ಭಾರ ಆಗಲ್ಲ. ಪರಿಹಾರ ಅಂದ್ರೆ ಅದೇ, ಭಿಕ್ಷೆ ಅಲ್ಲ."

"ಎಲ್ಲ ಬೋರ್ಡಿಗೂ ಕೊಡ್ತಾರಾ ಮೇಡಂ?" ಅಂತ ನಾನು ಕೇಳಿದೆ.

"ಇಲ್ಲ, ಸುಳ್ಳು ಹೇಳಲ್ಲ. ಪರವಾನಗಿ ಇಲ್ಲದೆ ನಿಲ್ಲಿಸಿದ್ದಕ್ಕೆ, ಯಾರ ತಲೆ ಮೇಲೋ ಬೀಳೋ ಹಾಗಿರೋದಕ್ಕೆ ಕೇಳೋಕೂ ಬರಲ್ಲ. ಒಂದೊಂದು ಊರಿನ ನಿಯಮ ಒಂದೊಂದು ಥರ. ಆದ್ರೆ ಇವರ ನೋಟೀಸಲ್ಲೇ ಕೊಡ್ತೀವಿ ಅಂತ ಬರೆದಿದ್ದಾರೆ. ಕೇಳದೆ ಇದ್ರೆ ಯಾರು ಕೊಡ್ತಾರೆ? ಅಳದೆ ಇದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ. ಸರಿ, ಪರವಾನಗಿ ಪತ್ರ ಎಲ್ಲಿ?"

ಇಲ್ಲಿ ಶುರುವಾಯಿತು ನೋಡಿ ಇನ್ನೊಂದು ರಾಮಾಯಣ. ಪತ್ರವನ್ನು ಮೊದಲನೇ ಕಂಪನಿಯ ಏಜೆಂಟ್ ತೆಗೆದುಕೊಂಡು ಹೋದವನು ವಾಪಸ್ ಕೊಟ್ಟಿರಲಿಲ್ಲ. ಶುಲ್ಕ ಕಟ್ಟಿದ ರಸೀದಿಗಳನ್ನು ಅತ್ತೆ ಸೀರೆಯ ತುಂಡಿನಲ್ಲಿ ಕಟ್ಟಿ ತಂದಿದ್ದರು. ಮೇಡಂ ಗಂಟು ಬಿಚ್ಚಿದರು. ಒಂದು ರಸೀದಿ ಪೂರ್ತಿ ಕೆಂಪು. ಇನ್ನೊಂದು ಹಳದಿ. ಮತ್ತೊಂದರಲ್ಲಿ ನೀಲಿ, ಅದರ ಮೇಲೆ ಕಡುನೀಲಿ.

"ಇದೇನಿದು?"

"ಬಣ್ಣ ಕಲಸಿದ ಮೇಲೆ ಸರಿ ಬಂತಾ ಅಂತ ಯಾವುದಾದ್ರೂ ಕಾಗದಕ್ಕೆ ಬಳಿದು ನೋಡ್ಬೇಕು ಮೇಡಂ" ಅಂದರು ಮಾವ ಮೆಲ್ಲಗೆ. "ಕೈಗೆ ಸಿಕ್ಕಿದ್ದಕ್ಕೆ ಬಳೀತಿದ್ದೆ."

ಅತ್ತೆ ತಲೆ ಮೇಲೆ ಕೈ ಹೊತ್ತರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಒಂದು ರಸೀದಿಯಲ್ಲೂ ಪರವಾನಗಿ ಸಂಖ್ಯೆ ಓದುವ ಹಾಗಿರಲಿಲ್ಲ. ಪರವಾನಗಿ ಕೊಟ್ಟ ಪಟ್ಟಣದ ಕಚೇರಿಯಲ್ಲಿ ಅದನ್ನು ದಾಖಲಿಸಿದ ಹಳೆಯ ದಪ್ಪ ಪುಸ್ತಕ ಇರುತ್ತದೆ, ಆದರೆ ಸಂಖ್ಯೆ ಗೊತ್ತಿಲ್ಲದೆ ಇಪ್ಪತ್ತೆರಡು ವರ್ಷದ ಪುಸ್ತಕದಲ್ಲಿ ಹುಡುಕಿಕೊಡುವವರು ಯಾರು?

"ಬೋರ್ಡಿನ ಮೂಲೆಯಲ್ಲಿ ಸಂಖ್ಯೆ ಬರೀಬೇಕು ಅಂತ ನಿಯಮ ಇತ್ತಲ್ಲ, ಬರೆದಿರ್ಲಿಲ್ವಾ?" ಅಂತ ಮೇಡಂ ಕೇಳಿದರು.

"ಬರೆದಿದ್ದೆ. ಎರಡನೇ ವರ್ಷ ಸೋಪಿನ ಕಂಪನಿಯವನು, ದುಡ್ಡು ಕೊಡ್ತೀನಿ, ಅಂಗೈಯಗಲ ಜಾಗಾನೂ ಬಿಡ್ಬೇಡ ಅಂದ. ಅದರ ಮೇಲೇ ಬಳಿದೆ. ಆಮೇಲೆ ಅದರ ಮೇಲೆ ಇನ್ನೊಬ್ಬರದು, ಇನ್ನೊಬ್ಬರದು."

"ಅಂದ್ರೆ ಸಂಖ್ಯೆ ಇನ್ನೂ ಅಲ್ಲೇ ಇದೆ, ಬಣ್ಣದ ಕೆಳಗೆ?"

ಮಾವ ತಲೆಯೆತ್ತಿದರು. ಆವತ್ತು ಅವರ ಕಣ್ಣಲ್ಲಿ ಮೊದಲ ಸಲ ಸ್ವಲ್ಪ ಜೀವ ಕಾಣಿಸಿತು.

ಮೇಡಂ ಅರ್ಜಿ ಬರೆದುಕೊಟ್ಟರು. ನಾನು ಮೂರು ಪ್ರತಿ ಮಾಡಿದೆ. ಬೋರ್ಡನ್ನು ನಾಲ್ಕೂ ಕಡೆಯಿಂದ ಫೋಟೋ ತೆಗೆದು ಲಗತ್ತಿಸಿದೆ. "ಕೊಟ್ಟು ಸುಮ್ನೆ ಬರ್ಬೇಡಿ. ನಿಮ್ಮ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸ್ಕೊಂಡು ಬನ್ನಿ" ಅಂತ ಮೇಡಂ ಎರಡೆರಡು ಸಲ ಹೇಳಿದ್ದರು. ರಸ್ತೆ ಕಚೇರಿಯಲ್ಲಿ ಗುಮಾಸ್ತ, "ಇಟ್ಟು ಹೋಗಿ, ನೋಡ್ತೀವಿ" ಅಂದ. ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತು ಕಾಲು ನೀವಿಕೊಳ್ಳತೊಡಗಿದರು. "ಅವಸರ ಇಲ್ಲಪ್ಪ, ನೀನು ಸೀಲು ಹಾಕೋವರೆಗೂ ಇಲ್ಲೇ ಇರ್ತೀನಿ" ಅಂದರು. ಹತ್ತು ನಿಮಿಷಕ್ಕೆ ಸೀಲು ಬಿತ್ತು.

ಐದನೇ ದಿನ ಇಂಜಿನಿಯರ್ ಬರುತ್ತಾರೆ ಅಂತ ಫೋನು ಬಂತು.

ಮೊದಲೇ ಕೆರೆದು ಇಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಅಧಿಕಾರಿಯ ಕಣ್ಣೆದುರೇ ಕೆರೆಯಿರಿ, ಇಲ್ಲದಿದ್ದರೆ ಈಗ ಬರೆದದ್ದು ಅಂತಾರೆ ಅಂತ ಮೇಡಂ ಹೇಳಿದ್ದರು. ಆದ್ದರಿಂದ ಆವತ್ತು ಬೆಳಿಗ್ಗೆ ಮಾವ ಏಣಿ ಸಿದ್ಧ ಮಾಡಿಕೊಂಡು, ಕೆರೆಯುವ ತಗಡಿನ ಪಟ್ಟಿ, ಟರ್ಪೆಂಟೈನ್, ಹಳೆ ಬಟ್ಟೆ ಇಟ್ಟುಕೊಂಡು ಕಾಯುತ್ತಿದ್ದರು. ಇಂಜಿನಿಯರ್ ಬಂದ. ಚಿಕ್ಕ ವಯಸ್ಸು, ತಲೆಗೆ ಹಳದಿ ಟೋಪಿ, ಕೈಯಲ್ಲಿ ಅಳತೆ ಟೇಪು. ಮಾತು ಖಡಕ್ಕು, ಆದರೆ ಒರಟಲ್ಲ.

"ಪರವಾನಗಿ ಸಂಖ್ಯೆ?"

"ಇದೆ ಸರ್. ಒಳಗಿದೆ."

"ಮನೆಯೊಳಗಾ? ತಗೊಂಡು ಬನ್ನಿ."

"ಬಣ್ಣದೊಳಗೆ ಸರ್."

ಇಂಜಿನಿಯರ್ ನನ್ನ ಮುಖ ನೋಡಿದ. ನಾನು ವಿವರಿಸಿದೆ. ಅವನು ಗಡಿಯಾರ ನೋಡಿಕೊಂಡ. "ನಾನು ಅಳತೆ ಮುಗಿಸೋಕೆ ಒಂದು ಗಂಟೆ ಆಗುತ್ತೆ. ಆಮೇಲೆ ಇನ್ನೊಂದು ಕಡೆ ಹೋಗ್ಬೇಕು. ಅಷ್ಟರೊಳಗೆ ಸಂಖ್ಯೆ ಕಂಡ್ರೆ ಬರ್ಕೋತೀನಿ. ಇಲ್ಲಾಂದ್ರೆ 'ಪರವಾನಗಿ ಕಂಡುಬಂದಿಲ್ಲ' ಅಂತ ಬರೀದೆ ನನಗೆ ಬೇರೆ ದಾರಿ ಇಲ್ಲ ಅಜ್ಜ."

ಮಾವ ಬಲಗಡೆಯ ಕೆಳಮೂಲೆಗೆ ಏಣಿ ಹಾಕಿದರು.

"ಏನೂಂದ್ರೆ, ಎಡಗಡೆ" ಅಂದರು ಅತ್ತೆ.

"ಬರೆದವನು ನಾನು ಕಣೇ."

"ಏಣಿ ಹಿಡಿದವಳು ನಾನು. ಚರಂಡಿ ಕಡೆ ನಿಂತಿದ್ದೆ, ಒಂದು ಚಪ್ಪಲಿ ಚರಂಡಿಗೆ ಬಿತ್ತು. ಚರಂಡಿ ಇರೋದು ಎಡಗಡೆ."

"ಸುಮ್ನಿರು."

ನಲವತ್ತು ವರ್ಷದ ಕಸುಬುದಾರರು, ಹೇಳಿದರೆ ಕೇಳುತ್ತಾರೆಯೇ? ಅರ್ಧ ಗಂಟೆ ಬಲಮೂಲೆ ಕೆರೆದರು. ಸಿಮೆಂಟು ಕಂಪನಿಯ ಬೂದಿ ಬಣ್ಣ ಹೋಯಿತು, ಕೊಡೆ ಅಂಗಡಿಯ ಕಪ್ಪು ಹೋಯಿತು, ಚಪ್ಪಲಿ ಅಂಗಡಿಯ ಕೆಂಪು ಹೋಯಿತು. ಕೊನೆಗೆ ಕೆಳಗಿನ ಪದರಗಳೂ ಹೋಗಿ ಬರೀ ತಗಡು ಹೊಳೆಯಿತು. ಅಲ್ಲಿ ಏನೂ ಇರಲಿಲ್ಲ. ಮಾವ ಏಣಿಯ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟರು.

ಅತ್ತೆ 'ನಾನು ಹೇಳಿರಲಿಲ್ಲವಾ' ಅನ್ನಲಿಲ್ಲ. ನಾನಾಗಿದ್ದರೆ ಅಂದೇ ಅನ್ನುತ್ತಿದ್ದೆ. ಅವರು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿಯ ಒಂದು ಕಾಲು ಹಿಡಿದರು. "ಏಳಿ, ಆ ಕಡೆ ಹಿಡೀರಿ" ಅಂದರು. ಇಬ್ಬರೂ ಏಣಿಯನ್ನು ಎಡಗಡೆಗೆ ಸಾಗಿಸಿದರು.

ಈ ಸಲ ಮಾವ ಆತುರಪಡಲಿಲ್ಲ. ಮೇಲಿನ ಪದರಗಳನ್ನು ಪಟ್ಟಿಯಿಂದ ಕೆರೆದು, ಸೋಪಿನ ಕಂಪನಿಯ ತಿಳಿ ಹಸಿರು ಕಂಡ ತಕ್ಷಣ ಪಟ್ಟಿ ಕೆಳಗಿಟ್ಟರು. ಇನ್ನು ಕಬ್ಬಿಣ ತಾಗಿಸಿದರೆ ಅಕ್ಷರವೂ ಕಿತ್ತುಬರುತ್ತದೆ ಅಂತ ಬಟ್ಟೆಯನ್ನು ಟರ್ಪೆಂಟೈನಿನಲ್ಲಿ ಅದ್ದಿ, ಮಗುವಿನ ಮುಖ ಒರೆಸುವ ಹಾಗೆ ಒರೆಸತೊಡಗಿದರು. ಇಂಜಿನಿಯರ್ ಟೇಪು ಸುತ್ತಿ, ಬೈಕಿನ ಹತ್ತಿರ ಹೋಗಿ, ಅಲ್ಲೇ ನಿಂತ. ಹೊರಡಲಿಲ್ಲ.

ಹಸಿರಿನ ಕೆಳಗೆ ಕಡುನೀಲಿ ಬಂತು. ನೀಲಿಯ ಮೇಲೆ ಬಿಳಿಯ ಒಂದು ಸೊನ್ನೆ. ಸೊನ್ನೆಯ ಪಕ್ಕ ಏಳು. ಆಮೇಲೆ ಒಂದೊಂದಾಗಿ ಎಲ್ಲ ಬಂದವು, ಪಕ್ಕದಲ್ಲಿ ವರ್ಷವೂ ಬಂತು. ಅತ್ತೆ ಏಣಿ ಹಿಡಿದುಕೊಂಡೇ ಅತ್ತರು. ನಾನು ಫೋಟೋ ತೆಗೆದೆ.

ಇಂಜಿನಿಯರ್ ಹತ್ತಿರ ಬಂದು ಸಂಖ್ಯೆ ಬರೆದುಕೊಂಡ. "ಅಕ್ಷರ ತುಂಬಾ ಚೆನ್ನಾಗಿದೆ ಅಜ್ಜ" ಅಂದ.

"ಆಗ ಕೈ ಗಟ್ಟಿ ಇತ್ತು ಸರ್" ಅಂದರು ಮಾವ.

ಅಳತೆ ಪಟ್ಟಿಯಲ್ಲಿ ಅವನು 'ಹಳೆ ಕಬ್ಬಿಣ' ಅಂತ ಬರೆಯಲು ಹೊರಟಾಗ ಅತ್ತೆ ಕಣ್ಣೊರೆಸಿಕೊಂಡು ಮುಂದೆ ಬಂದರು. "ಅಪ್ಪಾ, ಬಿದ್ದಿರೋ ಕಬ್ಬಿಣ ಬೇರೆ, ನಿಂತು ದುಡಿಯೋ ಬೋರ್ಡು ಬೇರೆ. ಕಂಬದ ಬುಡ ಆಳುದ್ದ ಕಾಂಕ್ರೀಟು ಇದೆ, ಬೇಕಾದ್ರೆ ಅಗೆದು ನೋಡು. ಈಗಿರೋ ಜಾಹೀರಾತಿನವರ ಒಪ್ಪಂದ ಇನ್ನೂ ಏಳು ತಿಂಗಳಿದೆ. ಅದನ್ನೂ ಬರಿ." ಅವನು ಒಪ್ಪಂದದ ಕಾಗದ ನೋಡಿ ಎಲ್ಲವನ್ನೂ ಬರೆದ. "ಬೋರ್ಡು ಇಳಿಸಿದ್ದಿದ್ರೆ ನನಗೆ ಕಾಣ್ತಿದ್ದಿದ್ದು ಬರೀ ಕಬ್ಬಿಣವೇ ಅಮ್ಮ" ಅಂದ. ಅವನ ಮಾತು ನಿಜ.

ಸಹಿ ಹಾಕಿ ಅಂದಾಗ ಮಾವ ಪೆನ್ನು ತೆಗೆದೇಬಿಟ್ಟರು. ನಾನು ಕೈ ಹಿಡಿದೆ. ಅಚ್ಚು ಮಾಡಿದ ನಮೂನೆಯಲ್ಲಿ 'ಪರಿಹಾರ ಕೋರಿದ್ದಾರೆ / ಕೋರಿಲ್ಲ' ಅಂತ ಎರಡೂ ಇತ್ತು, ಯಾವುದನ್ನೂ ಹೊಡೆದು ಹಾಕಿರಲಿಲ್ಲ. ತೋರಿಸಿದೆ. "ಅಯ್ಯೋ, ಮರೆತೆ" ಅಂತ ಇಂಜಿನಿಯರ್ 'ಕೋರಿಲ್ಲ' ಅನ್ನುವುದರ ಮೇಲೆ ಗೆರೆ ಎಳೆದ. ಆಮೇಲೆ ಮಾವ ಸಹಿ ಹಾಕಿದರು.

ಆದೇಶ ಬರಲು ಎರಡು ತಿಂಗಳು ಹಿಡಿಯಿತು. ನಡುವೆ ಮೂರು ಸಲ ಕಚೇರಿಗೆ ಹೋಗಿಬಂದರು, ಒಂದು ಸಲ ಕಾದು ಕಾದು ಬರಿಗೈಲಿ ಬಂದರು. ಚಪ್ಪಲಿ ಸವೆಯುತ್ತದೆ ಅಂತ ಮಾವ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಕೇಳಿದಷ್ಟು ಸಿಗಲಿಲ್ಲ. ಆದರೆ ಕಂಬ, ತಗಡು, ಬುಡದ ಕಾಂಕ್ರೀಟು, ನಿಂತುಹೋಗುವ ಬಾಡಿಗೆ, ಎಲ್ಲಕ್ಕೂ ಲೆಕ್ಕ ಹಾಕಿ ಕೊಟ್ಟಿದ್ದರು. ಕಡಿಮೆ ಅನಿಸಿದರೆ ಮೇಲ್ಮನವಿ ಹಾಕಬಹುದು ಅಂತ ಮೇಡಂ ಹೇಳಿದರು. ಗಂಡ ಹೆಂಡತಿ ಕೂತು ಮಾತಾಡಿ ಇಷ್ಟು ಸಾಕು ಅಂದುಕೊಂಡರು. ನನ್ನ ಪಕ್ಕದ ಅಂಗಡಿ ಖಾಲಿ ಇತ್ತು, ಅದಕ್ಕೆ ಮುಂಗಡ ಕೊಟ್ಟರು. ಮನೆ ಬಾಗಿಲ ಹೆಸರು, ಅಂಗಡಿಯ ಸಣ್ಣ ಫಲಕ, ಗಾಡಿಯ ಸಂಖ್ಯೆ, ಇವನ್ನೆಲ್ಲ ಅಲ್ಲಿ ಕೂತು ಬರೆಯಬಹುದು. ಏಣಿ ಹತ್ತುವ ಹಾಗಿಲ್ಲ ಅಂತ ಅತ್ತೆ ಆಣೆ ಹಾಕಿಸಿಕೊಂಡಿದ್ದಾರೆ.

ಬೋರ್ಡು ತೆಗೆಯುವ ದಿನ ಕಚೇರಿಯವರು ಕ್ರೇನು ತಂದರು. ನಾನೂ ಹೋಗಿದ್ದೆ. ಮಾವ ಕೆಲಸಗಾರರ ನಡುವೆ ನಿಂತು, ಯಾವ ಬೋಲ್ಟು ಮೊದಲು ಬಿಚ್ಚಬೇಕು, ಯಾವ ತಗಡು ಗಾಳಿಗೆ ತಿರುಗುತ್ತದೆ, ತೋರಿಸುತ್ತಿದ್ದರು. ಯಾರಿಗೂ ಒಂದು ಗೀರು ಗಾಯ ಆಗಲಿಲ್ಲ. ಕೊನೆಯ ಕಂಬ ಮಲಗಿದಾಗ ಅವರ ಕಣ್ಣು ತುಂಬಿತು. ನನ್ನದೂ ತುಂಬಿತು, ಮುಚ್ಚಿಡುವುದೇನು?

ಧೂಳು ಇಳಿಯಿತು. ತಿರುವು ಬಟ್ಟಬಯಲಾಗಿತ್ತು. ಸೇತುವೆ ಕಡೆಯಿಂದ ಒಂದು ಲಾರಿ ಬಂತು, ಮಾರುಕಟ್ಟೆ ಕಡೆಯಿಂದ ಒಬ್ಬ ಹೆಂಗಸು ಹಿಂದೆ ಮಗು ಕೂರಿಸಿಕೊಂಡು ಸೈಕಲ್ಲಿನಲ್ಲಿ ಬಂದಳು. ಇಬ್ಬರೂ ದೂರದಿಂದಲೇ ಒಬ್ಬರನ್ನೊಬ್ಬರು ನೋಡಿದರು. ಲಾರಿಯವನು ನಿಲ್ಲಿಸಿದ. ಅವಳು ಕೈಯೆತ್ತಿ, ದಾಟಿ ಹೋದಳು.

ಮಾವ ಅವಳು ಹೋದ ದಾರಿಯ ಕಡೆ ಕೈ ತೋರಿಸಿದರು. "ಗಾಡಿ ಗುದ್ದಿದ್ದು ಮಾತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಗುದ್ದದೆ ಇದ್ದ ದಿನಾನೂ ಈ ಜನ ಇಲ್ಲಿ ಹೇಗೆ ಜೀವ ಕೈಲಿ ಹಿಡ್ಕೊಂಡು ಓಡಾಡ್ತಿದ್ರೋ, ನಾನು ಯೋಚನೇನೇ ಮಾಡಿರ್ಲಿಲ್ಲ ನೋಡು" ಅಂದರು.

ಅತ್ತೆ ಅವರ ಅಂಗಿಯ ಮೇಲಿನ ಧೂಳು ಕೊಡವಿದರು. "ನಮ್ಮ ಜೀವನಕ್ಕೆ ಒಂದು ದಾರಿ ಆಯ್ತಲ್ಲ, ಅದಕ್ಕೇ ಈಗ ಅವರ ಜೀವದ ಯೋಚನೆ ಬಂತು ನಿಮಗೆ. ಬರಿಗೈ ಮಾಡಿ ಕಳಿಸಿದ್ದಿದ್ರೆ ಆ ಲಾರಿಗೆ ಶಾಪ ಹಾಕ್ತಾ ನಿಂತಿರ್ತಿದ್ರಿ."

"ನಿಜ ಕಣೇ" ಅಂದರು ಮಾವ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಾಳೆ ನಿಮ್ಮ ಬೋರ್ಡಿಗೋ, ನಿಮ್ಮ ಅಂಗಡಿಯ ಫಲಕಕ್ಕೋ 'ತೆರವು ಮಾಡಿ' ಅಂತ ಒಂದು ಕಾಗದ ಬರಬಹುದು. ಹೆದರಿ ಬಿಚ್ಚಬೇಡಿ, ಸಿಟ್ಟಿನಿಂದ ಹರಿಯಬೇಡಿ. ಹಿಂಬದಿಯನ್ನೂ ಓದಿ. ಕಣ್ಣು ಹಿಡಿಯದಿದ್ದರೆ ಓದಬಲ್ಲವರಿಂದ ಓದಿಸಿ, ಅಂಥ ಚಟ ಇರುವವರು ಪ್ರತಿ ಬೀದಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ನಿಮ್ಮ ಊರಿನ ನಿಯಮ ಏನು ಅಂತ ಉಚಿತ ಕಾನೂನು ನೆರವಿನವರನ್ನು ಕೇಳಿ. ಗಡುವಿನೊಳಗೆ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಳ್ಳಿ, ಫೋಟೋ ತೆಗೆದಿಡಿ, ಓದದೆ ಸಹಿ ಹಾಕಬೇಡಿ. ಪರವಾನಗಿ ಪತ್ರ, ರಸೀದಿಗಳನ್ನು ಇವತ್ತೇ ಹುಡುಕಿ ಒಂದು ಕಡೆ ಇಡಿ, ಅವು ಬಣ್ಣ ನೋಡುವ ಕಾಗದ ಅಲ್ಲ. ಇನ್ನೂ ಪರವಾನಗಿ ಮಾಡಿಸದೆ ಬೋರ್ಡು ನಿಲ್ಲಿಸಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ.

ಕಚೇರಿಯ ಮೇಜಿನ ಆ ಕಡೆ ಕೂತವರಿಗೂ ನನ್ನದೊಂದು ಮಾತು. ರಸ್ತೆ ಅಗಲ ಮಾಡಿ, ತಿರುವು ಬಯಲು ಮಾಡಿ, ನಾವು ಅಡ್ಡ ಬರುವುದಿಲ್ಲ. ಪರಿಹಾರದ ಆ ಎರಡು ಸಾಲನ್ನು ಮಾತ್ರ ಮುಂದಿನ ಸಲ ಮುಂಬದಿಯಲ್ಲೇ, ದೊಡ್ಡ ಅಕ್ಷರದಲ್ಲಿ ಹಾಕಿ. ಬರೆಯಲು ಬಾರದಿದ್ದರೆ ನನ್ನ ಪಕ್ಕದ ಅಂಗಡಿಗೆ ಬನ್ನಿ, ಅಲ್ಲಿ ಚೆನ್ನಾಗಿ ಬರೆಯುವವರೊಬ್ಬರಿದ್ದಾರೆ.